ಮನೋರಿಗೆ ಒಯ್ದ ಜೋಳದ ಹಿಟ್ಟು

ದಾದರಿನಲ್ಲಿ ಲೋಕಲ್ ತಪ್ಪಬಹುದಿತ್ತು. ಸಿಕ್ಕರೂ ಅದು ಮಲಾಡಿನಲ್ಲಿ ನಿಲ್ಲದೆ ಹೋಗಬಹುದಿತ್ತು. ಮಾರ್ವೆಯಲ್ಲಿ ಖಾಡಿಯ ಹಿನ್ನೀರು ದಾಟಿಸುವ ದೋಣಿ ನಡುನೀರಿನಲ್ಲಿ ಮಗುಚಬಹುದಿತ್ತು. ನನಗೆ ಈಜು ಬಾರದು, ಹೆಂಡತಿಗೆ ಬರುತ್ತದೆ. ಆದರೆ ಹಿಂದಿನ ವಾರದ ಜಗಳ ಮರೆತು ಅವಳು ನನ್ನನ್ನು ದಡಕ್ಕೆ ಎಳೆಯುತ್ತಾಳೆಂಬ ಖಾತ್ರಿ ಏನು? ಬಿಸಿಲು ನೆತ್ತಿಗೇರಬಹುದಿತ್ತು, ಹಾವು ಕಚ್ಚಬಹುದಿತ್ತು, ಕರೆದವರ ಮನೆಯಲ್ಲಿ ಮೀನು ಬೇಯಿಸಿದ ಪಾತ್ರೆಯಲ್ಲೇ ನಮಗೂ ಪಲ್ಯ ಮಾಡಿಡಬಹುದಿತ್ತು. ಸಂಜೆಯ ಕೊನೆಯ ದೋಣಿ ತಪ್ಪಿ, ಊಟವಿಲ್ಲದೆ ಮನೋರಿಯಲ್ಲೇ ಉಳಿಯಬೇಕಾಗಬಹುದಿತ್ತು. ಇಷ್ಟನ್ನೂ ಶನಿವಾರವೇ ಕೂತು ಯೋಚಿಸಿ ಮುಗಿಸಿದ್ದೆ.

ಅದು ಎಪ್ಪತ್ತರ ದಶಕದ ಒಂದು ಏಪ್ರಿಲ್ ತಿಂಗಳು. ಪರೇಲಿನ ಚಾಳಿನ ಒಂದೇ ಖೋಲಿಯಲ್ಲಿ ನಾವು ಸಂಸಾರ ಹೂಡಿ ಹದಿನಾರು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ನಾವು ಹೋದದ್ದೆಂದರೆ ರಜೆಗೆ ಧಾರವಾಡ, ಹಬ್ಬಕ್ಕೆ ಮಾಟುಂಗ. ಎಲ್ಲಿಗೆ ಹೋದರೂ ಹೆಂಡತಿಗೆ ಒಲೆ ತಪ್ಪಿರಲಿಲ್ಲ, ಹೊರಡುವ ಮುಂಚೆ ಬುತ್ತಿ ಕಟ್ಟುವುದೂ ತಪ್ಪಿರಲಿಲ್ಲ. ಆಫೀಸಿನ ಟೈಪಿಸ್ಟ್ ಒಬ್ಬ ಖಾಡಿಯಾಚೆಯ ಮೀನುಗಾರರ ಊರು ಮನೋರಿಯವನು. ಒಂದು ಭಾನುವಾರ ಬನ್ನಿ, ನಮ್ಮ ತಾಯಿ ನಿಮಗೆ ತರಕಾರಿ ಊಟವನ್ನೇ ಹಾಕುತ್ತಾಳೆ ಎಂದು ಕರೆದಿದ್ದ. ಅದನ್ನು ಮನೆಯಲ್ಲಿ ಹೇಳಿದ್ದೇ ತಡ, ಹೆಂಡತಿ ಷರತ್ತು ಹಾಕಿದಳು.

"ಒಂದ ದಿನಾ ನಾ ಒಲಿ ಮುಂದ ಕೂಡಂಗಿಲ್ಲ. ಬುತ್ತಿನೂ ಕಟ್ಟಂಗಿಲ್ಲ. ಅಲ್ಲಿ ಮಂದಿ ಏನ ಉಣ್ತಾರೋ ಅದನ್ನ ಉಣ್ಣೂದು. ಒಪ್ಪಿಗಿ ಇದ್ರ ಬರ್ತೀನಿ."

ಒಪ್ಪಿದೆ. ಮಕ್ಕಳನ್ನು ಮಾಟುಂಗದಲ್ಲಿ ಅವಳ ತಂಗಿಯ ಮನೆಗೆ ಬಿಟ್ಟು ಬಂದೆವು. ಆದರೆ ಬುತ್ತಿಯಿಲ್ಲದೆ ಹೊಸ್ತಿಲು ದಾಟಿದ ಗಂಡಸು ನಮ್ಮ ಮನೆತನದಲ್ಲಿ ಯಾರೂ ಇರಲಿಲ್ಲ. ಅವಳು ನೀರು ಹಿಡಿಯಲು ನಲ್ಲಿಗೆ ಹೋದಾಗ, ಡಬ್ಬಿಯಲ್ಲಿದ್ದ ಖಡಕ್ ರೊಟ್ಟಿ ಆರು, ಒಂದು ಪೊಟ್ಟಣ ಶೇಂಗಾ ಚಟ್ನಿ ಚೀಲದ ತಳಕ್ಕೆ ಸೇರಿಸಿದೆ. ದೋಣಿ ತಪ್ಪಿದರೆ ಮರುದಿನಕ್ಕೇನು ಎಂಬ ಚಿಂತೆ ಬಂದು, ಒಂದಿಷ್ಟು ಜೋಳದ ಹಿಟ್ಟನ್ನೂ ಅರಿವೆಯಲ್ಲಿ ಗಂಟು ಕಟ್ಟಿ ಇಟ್ಟೆ. ಆ ಹಿಟ್ಟನ್ನು ಬಡಿಯುವವರು ಯಾರು ಎಂಬುದು ನನಗೆ ಹೊಳೆಯಲಿಲ್ಲ.

ಲೋಕಲ್ ಸಿಕ್ಕಿತು, ದೋಣಿ ಮಗುಚಲಿಲ್ಲ. ಅಷ್ಟು ಚಿಂತೆ ಮಾಡಿದ್ದು ವ್ಯರ್ಥವಾಯಿತಲ್ಲ ಎಂದು ದಡದಲ್ಲಿ ಇಳಿಯುವಾಗ ಸ್ವಲ್ಪ ಪೆಚ್ಚಾಯಿತು. ಅಲ್ಲಿಂದ ಮುಂದೆ ನನಗೆ ಯಾವುದೂ ಸರಿಯಾಗಿ ತಿಳಿಯಲಿಲ್ಲ. ಬಿದಿರಿನ ಅಡ್ಡೆಗಳ ಮೇಲೆ ಒಗೆದ ಬಟ್ಟೆ ಹರವಿದ್ದಾರೆಂದು ನೋಡುತ್ತ ಹೋದರೆ, ಅವು ಒಣಗಲು ಹಾಕಿದ ಬೊಂಬಿಲ್ ಮೀನು. ಅಲ್ಲಿನ ಕ್ರೈಸ್ತರ ಇಗರ್ಜಿಯ ಮುಂದೆ ರೂಢಿಯಂತೆ ಚಪ್ಪಲಿ ಬಿಟ್ಟು ಒಳಗೆ ಹೋದೆ; ಅಲ್ಲಿ ಎಲ್ಲರ ಕಾಲಲ್ಲೂ ಚಪ್ಪಲಿ, ಬೂಟು. ಹೊರಗೆ ಬಂದು ಮೆಟ್ಟಿಕೊಂಡು ಮತ್ತೆ ಹೋಗಲೋ, ಹಾಗೇ ಇರಲೋ ತಿಳಿಯದೆ ಕಂಬದ ಹಿಂದೆ ನಿಂತೆ. ಒಬ್ಬಾಕೆ ತಾಳೆಯ ಎಳೆಗಾಯಿ ಕೆತ್ತಿ ಒಳಗಿನ ತಿರುಳು ಕೊಟ್ಟಳು. ನಾನು ಕಚ್ಚಿದ ತಕ್ಷಣ ಅದರ ನೀರು ಅಂಗಿಯ ಮೇಲೆ ಚಿಮ್ಮಿತು. ಹೆಂಡತಿ ಬೆರಳಿಂದ ತೂತು ಮಾಡಿ ನೀರು ಹೀರಿ, ಆಮೇಲೆ ತಿರುಳು ತಿಂದಳು. ಯಾರು ಹೇಳಿಕೊಟ್ಟಿದ್ದರೋ. ಮರದಿಂದ ಇಳಿಸಿದ ನೀರಾ ಕೂಡ ಬಂತು. ಬಿಸಿಲೇರಿದರೆ ಅದೇ ಹೆಂಡವಾಗುತ್ತದೆಂದು ಕೇಳಿದ್ದೆ. ಗಡಿಯಾರ ನೋಡಿದೆ, ಹತ್ತೂವರೆ. ಹತ್ತೂವರೆಗೆ ಅದು ಏನಾಗಿರುತ್ತದೆ? ನಾನು ಲೆಕ್ಕ ಹಾಕುವಷ್ಟರಲ್ಲಿ ಹೆಂಡತಿ ನನ್ನ ಲೋಟವನ್ನೂ ಕುಡಿದು ಮುಗಿಸಿದ್ದಳು.

ಟೈಪಿಸ್ಟನ ತಾಯಿ ಜಗಲಿಯ ಮೇಲೆ ಎಲೆ ಹಾಕಿದಳು. ಬಿಸಿ ಅಕ್ಕಿ ರೊಟ್ಟಿ, ಅಲ್ಲಿ ಅದಕ್ಕೆ ಭಾಕರಿ ಎನ್ನುತ್ತಾರೆ, ಕಾಯಿ ಹಾಕಿದ ಅವರೆಯ ಪಲ್ಯ, ಹುಳಿ ಸಾರು. ಮಡಕೆ ಹೊಸದು, ನಿಮಗೆಂದೇ ತಂದದ್ದು ಎಂದು ನಾನು ಕೇಳುವ ಮೊದಲೇ ಮರಾಠಿಯಲ್ಲಿ ಹೇಳಿದಳು. ನನ್ನ ಮುಖ ನೋಡಿಯೇ ತಿಳಿದಿರಬೇಕು. ಹೆಂಡತಿ ನಿಧಾನವಾಗಿ, ಯಾರಿಗೂ ಬಡಿಸುವ ಅವಸರವಿಲ್ಲದೆ ಉಂಡಳು. ಮೂರನೆಯ ಭಾಕರಿಗೆ ತಾನೇ ಕೈ ಚಾಚಿದಳು. ಅವಳು ಹಾಗೆ ಕೇಳಿ ಹಾಕಿಸಿಕೊಂಡು ಉಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ಊಟವಾದ ಮೇಲೆ ಕೋಳಿಯೊಂದು ಬಂದು ನನ್ನ ಚೀಲವನ್ನು ಕುಕ್ಕತೊಡಗಿತು. ಅದನ್ನು ಓಡಿಸಿ ಚೀಲ ಎತ್ತಿದ ಟೈಪಿಸ್ಟನ ತಾಯಿ, ಇಷ್ಟು ಭಾರ ಏನಿದೆ ಎಂದು ಕೇಳಿದಳು. ಏನಿಲ್ಲ ಎಂದೆ. ಹಾಗೆನ್ನುವಾಗಲೇ ಖಡಕ್ ರೊಟ್ಟಿ ಒಳಗೆ ಲಟಲಟ ಮುರಿಯುವ ಸದ್ದು ಕೇಳಿತು. ಹೆಂಡತಿ ನನ್ನ ಕಡೆ ನೋಡಿದಳು. ಚೀಲವನ್ನು ತಾನೇ ಎಳೆದುಕೊಂಡು ಒಂದೊಂದಾಗಿ ಹೊರಗಿಟ್ಟಳು: ರೊಟ್ಟಿ, ಚಟ್ನಿ, ಕೊನೆಗೆ ಆ ಗಂಟು.

"ಹಿಟ್ಟು ಯಾರು ಬಡೀಬೇಕಂತ ತಂದೀರಿ?"

ಅಷ್ಟರಲ್ಲಿ ತಾಯಿ ರೊಟ್ಟಿಯ ಚೂರಿಗೆ ಚಟ್ನಿ ಹಚ್ಚಿ ಬಾಯಿಗೆ ಹಾಕಿದ್ದಳು. ಇಷ್ಟು ತೆಳ್ಳಗೆ ಹೇಗೆ ಮಾಡುತ್ತೀ, ನಾನು ಅಂಗೈಯಲ್ಲಿ ತಟ್ಟುತ್ತೇನೆ, ನೀನು ಹೇಗೆ, ತೋರಿಸು ಎಂದು ಹೆಂಡತಿಯ ಕೈ ಹಿಡಿದಳು. ಮನೆಗೆ ಕರೆದು ಉಣ್ಣಲಿಕ್ಕಿದವಳಿಗೆ ಇಲ್ಲ ಅನ್ನುವುದು ಹೇಗೆ? ಇಬ್ಬರೂ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸದ್ದು ಬಂತು. ಪರೇಲಿನಲ್ಲಿ ಹದಿನಾರು ವರ್ಷ ಕೇಳಿದ ಅದೇ ಸದ್ದು. ನಡುನಡುವೆ ನಗು. ಯಾರದೆಂದು ಜಗಲಿಯಲ್ಲಿ ಕೂತ ನನಗೆ ತಿಳಿಯಲಿಲ್ಲ.

ಕೊನೆಯ ದೋಣಿಯೂ ಸಿಕ್ಕಿತು. ಹೆಂಡತಿಯ ಮೊಣಕೈಗೆ ಇನ್ನೂ ಹಿಟ್ಟು ಮೆತ್ತಿತ್ತು, ಸೆರಗಿಗೆ ಹೊಗೆಯ ವಾಸನೆ. ಸಿಟ್ಟೋ ಸಂತೋಷವೋ ಎಂದು ಮುಖ ನೋಡಿದೆ, ಗೊತ್ತಾಗಲಿಲ್ಲ. ಕಡೆಗೆ, ಬೇಸರ ಆಯಿತೇ ಎಂದು ಕೇಳಿಯೇಬಿಟ್ಟೆ.

"ಅಕಿ ಛಲೋ ಹೆಂಗಸು," ಎಂದಳು. ಮಾರ್ವೆಯ ದಂಡೆ ಹತ್ತಿರ ಬಂದಾಗ ಇನ್ನೊಂದು ಮಾತು: "ಇನ್ನೊಮ್ಮೆ ಬರೂದಾದ್ರ, ಚೀಲಾ ನಾ ತುಂಬತೀನಿ."

ಹಾವು ಕಚ್ಚಲಿಲ್ಲ, ಬಿಸಿಲು ಹತ್ತಲಿಲ್ಲ. ಹದಿನಾರು ವರ್ಷಕ್ಕೊಮ್ಮೆ ಒಲೆ ಬಿಟ್ಟು ಬಂದವಳು ಸಮುದ್ರದಾಚೆ ಹೋಗಿ ಎಂಟು ರೊಟ್ಟಿ ಬಡಿದಳು, ಹಿಟ್ಟು ಹೊತ್ತು ತಂದವನು ನಾನು. ಶನಿವಾರದ ನನ್ನ ಯೋಚನೆಯಲ್ಲಿ ತಪ್ಪಿಹೋದದ್ದು ಅಷ್ಟೇ.