ಅರ್ಧ ತಾಸಿನ ತಾರೆ

ಕಳೆದ ಶುಕ್ರವಾರ ಸಂಜೆ ಬೆಟಗೇರಿ ಹಾದಿಯಲ್ಲಿ ನಾಲ್ಕು ಮಿರ್ಚಿ ಕಟ್ಟಿಸಿಕೊಂಡೆ. ಎರಡನೆಯದನ್ನು ತಿನ್ನುವಾಗ ಕಾಗದ ಕಣ್ಣಿಗೆ ಬಿತ್ತು. ಗುಲಾಬಿ ಬಣ್ಣದ ಸಿನೆಮಾ ಹ್ಯಾಂಡ್‌ಬಿಲ್ಲು. ಹಳೆಯ ಚಿತ್ರವೊಂದು ಮತ್ತೆ ಬಂದಿದೆಯಂತೆ. ನಡುವೆ ಒಂದು ಫೋಟೋ: ತೆರೆದ ಮೋಟಾರು, ಅದರಲ್ಲಿ ತಲೆಯ ಮೇಲೆ ಸೆರಗು ಹೊದ್ದು, ಕರಿ ಚಾಳೀಸು ಹಾಕಿಕೊಂಡು, ಕೊರಳ ತುಂಬ ಮಾಲೆ ಹೊತ್ತ ಒಬ್ಬ ಹೆಂಗಸು. ಕೆಳಗೆ ಮದರಾಸಿನ ತಾರೆಯ ಹೆಸರು, 'ನಮ್ಮ ಗದುಗಿಗೆ ಖುದ್ದಾಗಿ ಬಂದು ಹೋದವರು' ಎಂಬ ಸಾಲು. ಉಳಿದ ಮಿರ್ಚಿ ನನಗೆ ಸೇರಲಿಲ್ಲ.

ಆ ಮೋಟಾರಿನ ದಿನ ನನ್ನ ದಿನಚರಿಯಲ್ಲಿದೆ. ಏಳು ವರ್ಷದ ಹಿಂದಿನ ಮಾತು. ನಾಡು ಒಂದಾಗುವುದು ಇನ್ನೂ ಬರೀ ಭಾಷಣದಲ್ಲಿತ್ತು. ಶಿರಹಟ್ಟಿ, ಲಕ್ಷ್ಮೇಶ್ವರದವರು ಸಂಸ್ಥಾನದ ಕಾಲವನ್ನು ನಿನ್ನೆಯದೆಂಬಂತೆ ಆಡಿಕೊಳ್ಳುತ್ತಿದ್ದರು. ನನಗೆ ಹತ್ತೊಂಬತ್ತು. ಬೆಟಗೇರಿಯ ನಮ್ಮ ಎದುರು ಮನೆಯಲ್ಲಿ ನಾಟಕ ಕಂಪನಿಯ ನಟಿಯೊಬ್ಬರಿದ್ದರು. ಓಣಿಯೆಲ್ಲ ಅವರನ್ನು ಅಕ್ಕಾವ್ರು ಎನ್ನುತ್ತಿತ್ತು. ಹನ್ನೆರಡು ವರ್ಷ ಆ ಕಂಪನಿಯ ರಾಣಿ ಪಾತ್ರವೆಲ್ಲ ಅವರದೇ. ಮುಂಜಾನೆ ಕಟ್ಟೆಯ ಮೇಲೆ ಕುಳಿತು, ಕೊಬ್ಬರಿ ಎಣ್ಣೆ ಹಚ್ಚಿದ ಅರಿವೆಯಿಂದ ಕಿವಿಯ ಹಿಂದೆ ಉಳಿದ ಬಣ್ಣ ಒರೆಸಿಕೊಳ್ಳುತ್ತಿದ್ದರು...

ನಾನು ಎಲ್ಲವನ್ನೂ ಎಣಿಸಿ ಬರೆದಿಡುವವನೆಂದು ತಿಳಿದು ಅವರೇ ನನಗೊಂದು ಕೆಲಸ ಹಚ್ಚಿದ್ದರು. ನಾಟಕಕ್ಕೆ ಬಂದ ಮಂದಿಯನ್ನು ಎಣಿಸಬೇಕು.

"ಮಾಲಕ ನೂರು ಇದ್ರ ಮುನ್ನೂರು ಅಂತಾನ. ನೀ ಖರೆ ಹೇಳಪ್ಪಾ. ಧ್ವನಿ ಎಷ್ಟು ಎತ್ತಬೇಕು ನನಗ ತಿಳೀಬೇಕು" ಎಂದಿದ್ದರು.

ಆ ತಿಂಗಳ ನಾಲ್ಕು ಶನಿವಾರಗಳ ಲೆಕ್ಕ ಹೀಗಿದೆ: ಇನ್ನೂರ ಹತ್ತು, ನೂರಾ ನಲವತ್ತು, ಎಂಬತ್ತಾರು, ಐವತ್ತೆರಡು. ಬರುವ ಅಮಾವಾಸ್ಯೆಯೊಳಗೆ ಮಂದಿ ಕೂರುವ ಬಾಕು ತುಂಬದಿದ್ದರೆ ಕಂಪನಿ ಮುಚ್ಚುವುದಾಗಿ ಮಾಲಕ ಹೇಳಿಬಿಟ್ಟಿದ್ದ. ಅಕ್ಕಾವ್ರಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

ಮಂದಿಯೆಲ್ಲ ಹೋದದ್ದು ಥೇಟರಿಗೆ. ತಾರೆಗಳು ಆಕಾಶದಲ್ಲಿ ಹುಟ್ಟುತ್ತವೆ ಎನ್ನುವವರು ಆಗ ಗದಗಿನಲ್ಲಿ ಇರಬೇಕಿತ್ತು. ಮದರಾಸಿನ ಈ ತಾರೆ ಹುಟ್ಟಿದ್ದು ಹಲಿಗೆ ಬಡಿಯುತ್ತ ಸಿನೆಮಾ ಸಾರಿಕೊಂಡು ಹೋಗುವ ಒಂದು ಟಾಂಗಾದಲ್ಲಿ. ಥೇಟರಿನ ಮ್ಯಾನೇಜರು ಟಿಕೀಟಿನ ಕಿಟಕಿಗೆ ಒರಗಿ, ಚಹಾ ಕುಡಿಯುತ್ತ, ಸಾರುವವನ ಚೀಟಿಯಲ್ಲಿ ಆಕೆ ದಿನಾ ಹತ್ತು ಸೇರು ಹಾಲಿನಲ್ಲಿ ಸ್ನಾನ ಮಾಡುತ್ತಾಳೆಂದು ಬರೆದ. ತುಸು ಯೋಚಿಸಿ ಹತ್ತನ್ನು ಹೊಡೆದು ಇಪ್ಪತ್ತು ಮಾಡಿದ. ನಾನು ಪಕ್ಕದಲ್ಲೇ ನಿಂತಿದ್ದೆ. ಮರುದಿನ ಹೊಂಬಳದಿಂದ ಬಂದವನೊಬ್ಬ ನಲವತ್ತು ಸೇರು ಎಂದು ನನಗೇ ಹೇಳಿದ. ತನ್ನ ಕೂಸಿಗೆ ಪಾವು ಹಾಲು ಸಿಗದವನು ಅದನ್ನು ಹೆಮ್ಮೆಯಿಂದ ಹೇಳಿದ.

ರವಿವಾರ ಮುಂಜಾನೆಯ ರೈಲಿಗೆ ತಾರೆ ಬರುತ್ತಾಳೆಂದು ಊರೂರಿಗೆ ಸಾರಿದ್ದಾಯಿತು. ಶನಿವಾರ ಮಧ್ಯಾಹ್ನ, ಬರುವುದಿಲ್ಲವೆಂದು ತಂತಿ ಬಂತು. ಮ್ಯಾನೇಜರು ನೆಟ್ಟಗೆ ಅಕ್ಕಾವ್ರ ಮನೆಗೆ ಬಂದ. ನಾನು ಅಲ್ಲೇ ಇದ್ದೆ.

"ಅಕ್ಕಾರ, ಆಕಿ ಬದಲಿ ನೀವು ಸ್ಟೇಶನ್ನಿಂದ ಥೇಟರ್‌ತನಕಾ ಮೋಟಾರಿನ್ಯಾಗ ಕುಂತರ ಸಾಕ್ರಿ. ಅರ್ಧ ತಾಸಿನ ಕೆಲಸ. ಮಾತಾಡೂದೂ ಬ್ಯಾಡ."

ಅಕ್ಕಾವ್ರು ನಕ್ಕರು. "ಹನ್ನೆರಡು ವರ್ಷ ಇದ ಊರಾಗ ಬಣ್ಣ ಹಚ್ಚೇನಿ. ನನ್ನ ಗುರುತು ಹಿಡಿಯೂದುಲ್ಲೇನು?"

"ಯಾರೂ ಹಿಡಿಯೂದುಲ್ರಿ" ಎಂದ ಆತ. ಹಂಗಿಸುವುದಕ್ಕೆ ಅಂದದ್ದಲ್ಲ. ತನ್ನ ಗಿರಾಕಿಗಳನ್ನು ಬಲ್ಲವನ ಮಾತು ಅದು.

ಅಕ್ಕಾವ್ರು ದುಡ್ಡು ಕೇಳಲಿಲ್ಲ. ಎಂಟು ದಿನ ಪ್ರತಿ ಆಟದಲ್ಲೂ ತಮ್ಮ ನಾಟಕದ ಜಾಹೀರಾತಿನ ಸ್ಲೈಡು ತೋರಿಸಬೇಕು, ಅಷ್ಟೇ ಎಂದರು. ಮ್ಯಾನೇಜರು ಒಪ್ಪಿದ. ಹಿಂದಿನ ಸ್ಟೇಶನ್ನಿನಲ್ಲಿ ಅವರನ್ನು ರೈಲು ಹತ್ತಿಸುವುದೆಂದು ತೀರ್ಮಾನವಾಯಿತು.

ರವಿವಾರ ನಾನು ಪೆನ್ಸಿಲ್ಲು ಹಿಡಿದು ಸ್ಟೇಶನ್ ರಸ್ತೆಯಲ್ಲಿ ನಿಂತೆ. ಮುಳಗುಂದದಿಂದ ಚಕ್ಕಡಿಗಳು ಬಂದಿದ್ದವು. ಹಿಂದಿನ ದಿನವಷ್ಟೇ ಅಕ್ಕಾವ್ರ ಮನೆಯಿಂದ ಹಾಲಿಗೆ ಹೆಪ್ಪು ಒಯ್ದಿದ್ದ ನಮ್ಮ ಓಣಿಯ ನೇಕಾರರ ಹೆಂಗಸು, "ಬಣ್ಣ ನೋಡ್ರೆವ್ವಾ, ಹಾಲಿನ್ಯಾಗ ತೊಳದಂಗೈತಿ" ಎಂದು ಕೈ ಮುಗಿದಳು. ಮಾಲೆ ಹಾಕಲು ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತಿದರು. ಮೋಟಾರಿನ ಧೂಳನ್ನು ಹಣೆಗೆ ಹಚ್ಚಿಕೊಂಡವರನ್ನು ಕಂಡೆ. ಹನ್ನೊಂದು ಜನ.

ಆರುನೂರ ನಲವತ್ತರವರೆಗೆ ಎಣಿಸಿದೆ. ಅಷ್ಟರಲ್ಲಿ ಮೋಟಾರು ನನ್ನ ಮುಂದೆ ಬಂತು, ಕುತ್ತಿಗೆ ರಾಣಿಯಂತೆ ತಿರುಗಿ ಚಾಳೀಸು ನನ್ನ ಕಡೆ ಹೊರಳಿತು. ಆಮೇಲೆ... ನಾನೂ ಓಡಿದೆ. ಒಳಗೆ ಕುಳಿತವರ ಹಿಮ್ಮಡಿಯ ಬಿರುಕು ಬಲ್ಲ ನಾನು, ಹೋ ಎಂದು ಕೂಗುತ್ತ ಮೋಟಾರಿನ ಹಿಂದೆ ಓಡಿದೆ. ನನ್ನ ಎಣಿಕೆ ತಪ್ಪಿದ್ದು ಅದೊಂದೇ ದಿನ.

ಮ್ಯಾನೇಜರು ಮಾತು ಉಳಿಸಿಕೊಂಡ. ಮಧ್ಯಾಹ್ನದ ಆಟದ ನಡುವೆ ನಾಟಕದ ಸ್ಲೈಡು ಬಿತ್ತು. ತಗೀರಲೇ ಎಂದು ಸಿಳ್ಳೆ ಹೊಡೆದರು. ಅಂದಿನ ನಾಟಕಕ್ಕೆ ಬಂದವರು ಮೂವತ್ತೊಂದು ಜನ. ಅಕ್ಕಾವ್ರು ಹನ್ನೆರಡು ವರ್ಷದಿಂದ ತಿರುವುವಂತೆಯೇ ಕುತ್ತಿಗೆ ತಿರುವಿದಾಗ ಬಾಕಿನಿಂದ ಒಬ್ಬ ಹೇಳಿದ: "ಸಿನೆಮಾದಾಕಿನ ನಕಲಿ ಮಾಡಾಕ ಹೊಂಟಾಳ ನೋಡಲೇ."

ಮರುದಿನ ಲೆಕ್ಕ ಒಪ್ಪಿಸಲು ಹೋದೆ. ಮೂವತ್ತೊಂದು ಎಂದೆ.

"ಮುಂಜಾನಿ ಎಷ್ಟಿದ್ರು?"

"ಆರನೂರ ನಲವತ್ತಕ್ಕ ಬಿಟ್ಟೆ, ಅಕ್ಕಾರ."

"ಯಾಕ ಬಿಟ್ಟಿ?" ಎಂದರು. ನಾನು ಪೆನ್ಸಿಲ್ಲನ್ನು ಕಿಸೆಗೆ ಹಾಕಿಕೊಂಡೆ. "ನೀ ಓಡೂದು ಕಂಡೆ ಬಿಡು" ಎಂದು ಅರಿವೆಗೆ ಎಣ್ಣೆ ಹಾಕಿಕೊಂಡರು. ಮತ್ತೆ ನನ್ನನ್ನು ಎಣಿಸಲು ಕಳಿಸಲಿಲ್ಲ.

ಅಮಾವಾಸ್ಯೆಗೆ ಕಂಪನಿ ಮುಚ್ಚಿತು. ಅಕ್ಕಾವ್ರು ಮುಂಡರಗಿಯ ತಂಗಿಯ ಮನೆಗೆ ಹೋದರು. ಹೋದ ವರ್ಷ ಅಲ್ಲೇ ತೀರಿಕೊಂಡರೆಂದು ಖಬರು ಬಂತು, ಅದೂ ಮೂರು ತಿಂಗಳು ತಡವಾಗಿ...

ಆ ಶುಕ್ರವಾರ ನಾನು ಕಾಗದ ನೋಡುತ್ತ ನಿಂತದ್ದನ್ನು ಕಂಡು ಮಿರ್ಚಿ ಅಂಗಡಿಯವ ಕರಿಯುವ ಜಾರಿಸೌಟು ಎತ್ತಿ ಹೇಳಿದ: "ಆಕೀನ್ನ ನಾ ಖುದ್ದ ನೋಡೇನ್ರಿ. ಹಾರಾ ಹಾಕೇನಿ ಇದ ಕೈಲೆ."

ಬೆಟಗೇರಿಯ ನಾಟಕದ ಅಕ್ಕಾವ್ರು ನೆನಪಿದ್ದಾರೆಯೇ ಎಂದು ಕೇಳಿದೆ.

"ಯಾರೋ ಒಬ್ಬಾಕಿ ಇದ್ದಳ್ರಿ" ಎಂದ. "ಮಾರಿ ನೆನಪಿಲ್ಲ."

ಅಕ್ಕಾವ್ರ ಬೇರೆ ಫೋಟೋ ಎಲ್ಲಿಯೂ ಇಲ್ಲ. ಹ್ಯಾಂಡ್‌ಬಿಲ್ಲಿನಲ್ಲಿ ತಾರೆಯ ಹೆಸರಿನ ಭಾಗ ಹರಿದು ಚೆಲ್ಲಿ, ಉಳಿದದ್ದನ್ನು ಆ ರವಿವಾರದ ಪುಟದಲ್ಲಿ ಇಟ್ಟಿದ್ದೇನೆ. ಮಿರ್ಚಿಯ ಎಣ್ಣೆ ಇಳಿದು ಆರುನೂರ ನಲವತ್ತು ಅಳಿಸಿದೆ. ಅದರ ಕೆಳಗಿನ ಮೂವತ್ತೊಂದನ್ನು ನಿನ್ನೆ ಮತ್ತೊಮ್ಮೆ ಅದೇ ಗೆರೆಯ ಮೇಲೆ ತೀಡಿ ಬರೆದೆ.