ತಂದೆಯ ಹೆಸರಿನ ಕಾಲಂ

ತರೀಕೆರೆಯಲ್ಲಿ ನಮ್ಮ ಮಹಿಳಾ ಸಮಾಜದವರು ಶಿಶುವಿಹಾರ ತೆರೆದಾಗ ನಿಯಮಗಳನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕಾನ್ವೆಂಟಿನಲ್ಲಿ ಓದಿದವಳು, ಅಕ್ಷರ ದುಂಡಗಿದೆ ಎನ್ನುವುದಷ್ಟೇ ಕಾರಣ. ಅರವತ್ತರ ದಶಕದ ಮೊದಲ ವರ್ಷಗಳು ಅವು. ಅಕ್ಕಿ ಗಿರಣಿಯ ಕೆಲಸಕ್ಕೆ ಹೋಗುವ ಹೆಂಗಸರು ಮಕ್ಕಳನ್ನು ತೌಡಿನ ಚೀಲಗಳ ಪಕ್ಕದಲ್ಲೇ ಮಲಗಿಸುತ್ತಿದ್ದರು. ಅವರಿಗಾಗಿಯೇ ಈ ಏರ್ಪಾಡು.

ನಮ್ಮ ಸಿಸ್ಟರುಗಳ ಕಟ್ಟುನಿಟ್ಟನ್ನು ನೆನಪಿಸಿಕೊಂಡು ಮೂರು ಮಧ್ಯಾಹ್ನ ಕೂತು ಬರೆದೆ. ಜ್ವರ ಬಂದ ಮಗುವನ್ನು ತರಬಾರದು. ಸಂಜೆ ಐದಕ್ಕೆ ಕರೆದೊಯ್ಯಬೇಕು. ರಿಜಿಸ್ಟರಿನಲ್ಲಿ ತಂದೆಯ ಹೆಸರು ಬರೆಸದಿದ್ದರೆ ಸೇರಿಸಿಕೊಳ್ಳುವುದಿಲ್ಲ. ರಿಜಿಸ್ಟರಿನಲ್ಲಿ ಹೆಸರಿದ್ದವರಿಗಲ್ಲದೆ ಬೇರೆ ಯಾರ ಕೈಗೂ ಮಗುವನ್ನು ಒಪ್ಪಿಸುವುದಿಲ್ಲ. ಈ ಕೊನೆಯದನ್ನು ಬರೆದು ಕೆಳಗೆ ಕೆಂಪು ಶಾಯಿಯ ಗೆರೆ ಎಳೆದಾಗ ನನಗೆ ಹೆಮ್ಮೆಯಾಗಿತ್ತು. ಓದಲು ಬಾರದವರಿಗೆ ಒಂದೊಂದನ್ನೂ ನಾನೇ ಓದಿ ಹೇಳುತ್ತಿದ್ದೆ.

ಎರಡನೆಯ ವಾರ ಒಬ್ಬಳು ಬಂದಳು. ಗಿರಣಿಯಲ್ಲಿ ಅಕ್ಕಿ ಕೇರುವವಳು. ಸೊಂಟದ ಮೇಲೆ ಮೂರು ವರ್ಷದ ಹೆಣ್ಣುಮಗು, ಅದರ ಲಂಗಕ್ಕೆ ತಾಯಿಯ ಹಳೆ ಸೀರೆಯ ಅಂಚು ಹೊಲಿದಿತ್ತು. ತಂದೆಯ ಹೆಸರು ಕೇಳಿದೆ. ಅವಳು ನೆಲ ನೋಡಿದಳು. ಮತ್ತೆ ಕೇಳಿದೆ.

"ನನ್ನ ಹೆಸ್ರೇ ಬರ್ಕಳಿ ಅಮ್ಮಾವ್ರೆ. ಸಾಕು," ಎಂದಳು.

ನಾನು ನಕ್ಕೆ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಹೆಂಗಸರು ನಮ್ಮ ಕಡೆ ಆಗ ಎಷ್ಟು ಜನ ಇದ್ದರು? ಅಂದು ಬೆಳಿಗ್ಗೆಯಿಂದ ನಾಲ್ವರು ಹೀಗೆಯೇ ನಿಂತಿದ್ದರು. ಜೊತೆಯವರು ಹೇಳಿ ಬರೆಸಿದ್ದರು. ನಮ್ಮ ಆಯಾ ದೇವನೂರಿನ ಕಡೆಯ ಮುದುಕಿ. ಅವಳಿಗೆ ಇವಳ ಅತ್ತೆಮನೆಯ ಗುರುತಿತ್ತು.

"ಮಗು ಹೆತ್ರೂ ನಾಚ್ಕೆ ಹೋಗಿಲ್ಲ ನೋಡಿ ಇವ್ಳಿಗೆ. ನಾನ್ ಹೇಳ್ತೀನಿ, ಬರ್ಕಳಿ," ಎಂದು ಹೆಸರನ್ನೂ ಊರನ್ನೂ ಹೇಳಿದಳು.

ಬರೆದೆ. ಆ ಹೆಣ್ಣು ನನ್ನ ಪೆನ್ನಿನ ತುದಿಯನ್ನೇ ನೋಡುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದಳು. ಗಿರಣಿಯ ಶಿಳ್ಳೆ ಕೂಗಿತು, ಓಡಿದಳು.

ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ಒಗೆದ ಬಿಳಿ ಶರ್ಟಿನ ಗಂಡಸೊಬ್ಬ ಬಂದು ಚಪ್ಪಲಿ ಹೊರಗೆ ಬಿಟ್ಟು, ಕೈಮುಗಿದು, ಮಗಳನ್ನು ಕರೆದೊಯ್ಯಬೇಕು ಎಂದ. ಹೆಸರು ಕೇಳಿದೆ. ರಿಜಿಸ್ಟರು ತೆರೆದೆ. ಅಕ್ಷರಕ್ಕೆ ಅಕ್ಷರ ಸರಿಹೋಯಿತು. ಮಗು ಕಿಟಕಿಯ ಸರಳು ಹಿಡಿದು ಬರಲೊಲ್ಲೆನೆಂದಿತು. ಆಟ ಬಿಟ್ಟು ಹೋಗಲು ಯಾವ ಮಗು ತಾನೇ ಒಪ್ಪುತ್ತದೆ ಎಂದುಕೊಂಡೆ. ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವಳು ನಾನೇ.

ಐದಕ್ಕೆ ತಾಯಿ ಬಂದಳು. ಅಪ್ಪ ಬಂದಿದ್ದರಲ್ಲ ಎಂದೆ. ಅವಳು ಅಳಲಿಲ್ಲ, ಬಾಗಿಲ ಪಕ್ಕದ ಗೋಡೆಗೆ ಕುಸಿದು ಕೂತಳು. ಕುಪ್ಪಸದ ತೋಳು ಮೇಲಕ್ಕೆತ್ತಿ ಸುಟ್ಟ ಕಲೆಗಳನ್ನು ತೋರಿಸಿದಳು. ಮಗುವನ್ನು ಎತ್ತಿಕೊಂಡು ಗಂಡನ ಹೊಡೆತ ತಪ್ಪಿಸಿಕೊಂಡು ಬಂದು ಆರು ತಿಂಗಳಾಗಿತ್ತಂತೆ. ಎಲ್ಲಿದ್ದಾಳೆಂದು ಅವನಿಗೆ ತಿಳಿಯಬಾರದೆಂದು ಆ ಹೆಸರನ್ನು ಎಲ್ಲೂ ಎತ್ತಿರಲಿಲ್ಲವಂತೆ. ಆಯಾ ಬಾಯಿಗೆ ಸೆರಗು ಒತ್ತಿಕೊಂಡಳು. ಜಾತ್ರೆಗೆ ಊರಿಗೆ ಹೋದಾಗ, ನಿನ್ನ ಮಗಳು ನಮ್ಮಲ್ಲಿ ಸುಖವಾಗಿದ್ದಾಳೆ ಎಂದು ಅವನಿಗೆ ಹೇಳಿ ಬಂದವಳು ಅವಳೇ.

ಮರುದಿನ ನಾನು ಆ ತಾಯಿಯನ್ನು ಕರೆದುಕೊಂಡು ಕಡೂರಿಗೆ ಹೋಗಿ, ಅಲ್ಲಿಂದ ದೇವನೂರಿನ ಬಸ್ ಹಿಡಿದೆ. ತಪ್ಪು ನನ್ನದೆಂದು ಹೇಳಿದರೆ ಮಗುವನ್ನು ಕೊಟ್ಟಾರು ಎಂಬ ಹುಚ್ಚು ನಂಬಿಕೆ. ರಿಜಿಸ್ಟರನ್ನೂ ಕೈಯಲ್ಲಿ ಹಿಡಿದಿದ್ದೆ. ಗಂಡನ ಮನೆಯ ಜಗಲಿಯ ಮೇಲೆ ಊರಿನ ಹಿರಿಯರೊಬ್ಬರು ಅದನ್ನು ತೆರೆದು, ಬೆರಳಿಟ್ಟು, ನಿಧಾನವಾಗಿ ಓದಿದರು.

"ತಂದೆ ಅಂತ ನೀವೇ ಬರ್ದಿದೀರಲ್ಲ ತಾಯಿ. ಅವ್ನ ಮಗೀನ ಅವ್ನು ತಂದವ್ನೆ. ಇನ್ನೇನು?"

ಒಳಗಿನಿಂದ ಮಗುವಿನ ಅಳು ಕೇಳುತ್ತಿತ್ತು, ಅತ್ತು ಅತ್ತು ಗಂಟಲು ಕಟ್ಟಿದ ಅಳು. ಅತ್ತೆ ಬಾಗಿಲಿಗೆ ಬಂದು, ನನ್ನತ್ತ ನೋಡದೆ ಸೊಸೆಗೆ ಹೇಳಿದಳು: "ಮಗು ಬೇಕಂದ್ರೆ ಒಳಿಕ್ ಬಾ. ಬ್ಯಾಡಂದ್ರೆ ಬಂದ್ ದಾರೀಲಿ ಹೋಗು."

ಬೇಡ, ಪೊಲೀಸರಿಗೆ ಹೇಳೋಣ, ವಕೀಲರನ್ನು ಕೇಳೋಣ ಎಂದು ನಾನು ಅವಳ ಕೈ ಹಿಡಿದೆ. ಮೆಲ್ಲಗೆ ಬಿಡಿಸಿಕೊಂಡಳು.

"ನೀವ್ ಹೋಗಿ ಅಮ್ಮಾವ್ರೆ, ಬಸ್ ಹೋಯ್ತದೆ. ಗಿರಣಿಯವ್ರಿಗೆ ನಾನ್ ಬರಲ್ಲ ಅಂತ ಹೇಳ್ಬಿಡಿ."

ಹೊಸಿಲು ದಾಟುವ ಮುನ್ನ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ತರೀಕೆರೆಯಲ್ಲಿ ಅವಳು ಹಾಗೆ ಹೊದ್ದದ್ದನ್ನು ನಾನು ಒಂದು ದಿನವೂ ನೋಡಿರಲಿಲ್ಲ.