ಮಮತಾ ಬರೆದುಕೊಂಡ ಹೆಸರು

ಸಿಂಧನೂರಿನ ಹತ್ತಿರ ಬಂಗಾಳಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನಲ್ಲಿ ಮಮತಾ ಮಂಡಲ್ ಹದಿನಾಲ್ಕು ವರ್ಷಗಳಿಂದ ಆಶಾ ಕಾರ್ಯಕರ್ತೆ. ಹುಟ್ಟಿದ್ದು ಕ್ಯಾಂಪಿನಲ್ಲೇ, ಓದಿದ್ದು ಕನ್ನಡ ಶಾಲೆಯಲ್ಲಿ. ಮನೆಯೊಳಗೆ ಬಂಗಾಳಿ, ಹೊಸ್ತಿಲು ದಾಟಿದರೆ ಈ ಸೀಮೆಯ ಕನ್ನಡ. ಅವಳ ತಾಯಿ ಒಂಬತ್ತನೇ ವಯಸ್ಸಿನಲ್ಲಿ ಪೂರ್ವ ಬಂಗಾಳದಿಂದ ಗಡಿ ದಾಟಿ ಬಂದವಳು. ಸರ್ಕಾರ ಕೊಟ್ಟ ಹೊಲದಲ್ಲಿ ಭತ್ತ ಬೆಳೆದು ನೆಲೆ ಕಂಡ ಮನೆತನ ಅದು. ಕ್ಯಾಂಪಿನ ಜೊತೆಗೆ ಪಕ್ಕದ ಹಳ್ಳಿಯೂ ಮಮತಾಳ ಪಾಲಿಗಿತ್ತು. ಸ್ಕೂಟಿ ಮೇಲೆ ಓಣಿ ಓಣಿ ಸುತ್ತುವಳು. ಕಬ್ಬಿಣದ ಮಾತ್ರೆ ನುಂಗಿದೆನೆಂದು ಬಸುರಿಯರು ಸುಳ್ಳು ಹೇಳಿದರೆ ಮುಖ ನೋಡಿಯೇ ಹಿಡಿಯುವಳು.

ಹೋದ ವರ್ಷ ಮಾರ್ಚಿನಲ್ಲಿ ಆ ಹಳ್ಳಿಯ ರೈತ ದೊಡ್ಡಬಸಪ್ಪನವರ ಸೊಸೆ ಭಾಗ್ಯಶ್ರೀಗೆ ದಿನ ತುಂಬುವ ಮೊದಲೇ ಹೆರಿಗೆ ನೋವು ಬಂತು. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಆರು ವರ್ಷದಿಂದ ಡಾಕ್ಟರ್ ಇರಲಿಲ್ಲ. ರಾತ್ರಿ ಗಾಡಿಯಲ್ಲಿ ಸಿಂಧನೂರಿಗೆ ಒಯ್ಯುವಾಗ ದಾರಿಯಲ್ಲೇ ಹೆರಿಗೆಯಾಯಿತು. ಗಂಡುಮಗು ಅಳಲೇ ಇಲ್ಲ. ಅದನ್ನು ಬಟ್ಟೆಯಲ್ಲಿ ಸುತ್ತಿ ದೊಡ್ಡಬಸಪ್ಪನವರ ಕೈಗೆ ಕೊಟ್ಟವಳು ಮಮತಾ.

ಅದಾಗಿ ಎರಡು ತಿಂಗಳಿಗೆ ಮಮತಾ ಮನೆಮನೆಯ ಆರೋಗ್ಯ ಸಮೀಕ್ಷೆ ನಡೆಸುತ್ತಿದ್ದಳು. ಕ್ಯಾಂಪಿನ ಕೊನೆಯ ಓಣಿಯಲ್ಲಿ, ತನ್ನ ದೂರದ ಅತ್ತೆಯೊಬ್ಬಳ ಮನೆಯ ಹಿತ್ತಲ ಶೆಡ್ಡಿನಲ್ಲಿ ಉಳಿದಿದ್ದ ದೀಪಾ ಅವಳಿಗೆ ಸಿಕ್ಕಳು. ಇಪ್ಪತ್ತೆರಡರ ಹುಡುಗಿ, ಆರು ತಿಂಗಳ ಬಸುರಿ. ಗಂಡನೊಂದಿಗೆ ಬಾಂಗ್ಲಾದೇಶದಿಂದ ಬಂದು ಎಂಟು ತಿಂಗಳಾಗಿತ್ತು. ಕಾಗದಪತ್ರ ಏನೂ ಇರಲಿಲ್ಲ.

ಸಂಜೆ ಕ್ಯಾಂಪಿನ ಹಿರಿಯರು ಮಮತಾಳ ಮನೆಗೇ ಬಂದರು. ಹೆಸರು ಬರೆಯುವುದು ಬೇಡ, ಬರೆಯಲೇಬೇಕಾದರೆ ಇಲ್ಲೇ ಹುಟ್ಟಿದವಳೆಂದು ಬರೆ ಎಂದರು. ಅವರು ಹೋದ ಮೇಲೆ ತಾಯಿ ಬಂಗಾಳಿಯಲ್ಲಿ ಕೇಳಿದಳು:

"ನನ್ನನ್ನೂ ಯಾರೋ ಒಬ್ಬರು ಒಳಗೆ ಬಿಟ್ಟುಕೊಂಡಿದ್ದರಿಂದಲೇ ನೀನು ಇದ್ದೀಯ. ಅದನ್ನು ಮರೆತೆಯಾ?"

"ಮರೆತಿಲ್ಲ ಮಾ. ಆದರೆ ನಿನ್ನನ್ನು ಸರ್ಕಾರ ಹೆಸರು ಬರೆದುಕೊಂಡು ಕರೆತಂದಿತು. ನಾನು ಸುಳ್ಳು ಬರೆದರೆ ನಾಳೆ ಕ್ಯಾಂಪಿನ ಎಲ್ಲರ ಕಾಗದವನ್ನೂ ಅನುಮಾನದಿಂದ ನೋಡುತ್ತಾರೆ."

ಮಮತಾ ಇದ್ದದ್ದನ್ನು ಇದ್ದ ಹಾಗೆ ಬರೆದಳು: ದೀಪಾ, ಆರು ತಿಂಗಳ ಬಸುರಿ, ಬಾಂಗ್ಲಾದೇಶದಿಂದ ಬಂದು ಎಂಟು ತಿಂಗಳು. ಮರುದಿನವೇ ಅವಳನ್ನು ರಕ್ತ ಪರೀಕ್ಷೆಗೂ ಕರೆದೊಯ್ದಳು. ತಾಯಿ ವಾರಗಟ್ಟಲೆ ಮಗಳೊಂದಿಗೆ ಸರಿಯಾಗಿ ಮಾತನಾಡಲಿಲ್ಲ.

ಸುದ್ದಿ ಹಳ್ಳಿಗೆ ಮುಟ್ಟಿತು. ಜೂನಿನ ಗ್ರಾಮಸಭೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊದಲು ಎದ್ದು ನಿಂತವರು ದೊಡ್ಡಬಸಪ್ಪ.

"ನಾ ಕ್ಯಾಂಪಿನವರಿಗೆ ಅನ್ನಾಕತ್ತಿಲ್ಲ. ಐವತ್ತು ವರ್ಷದಿಂದ ಒಂದ ಕಾಲುವಿ ನೀರು ಉಂಡೀವಿ. ಆದ್ರ ನಮ್ಮ ಹುಡುಗೂರು ದುಡಿಯಾಕ ಪುಣೆಗೆ ಹೋಗ್ಯಾರ. ದವಾಖಾನ್ಯಾಗ ಡಾಕ್ಟರ್ ಇಲ್ಲ. ನನ್ನ ಮೊಮ್ಮಗ ದಾರ್ಯಾಗ ಹೋದ. ಮನ್ಯಾಗಿನವರಿಗೇ ಸಾಲದಾಗ ಹೊರಗಿನವರನ್ನ ಎಲ್ಲಿ ಇಡ್ತೀರಿ? ಅವರನ್ನ ಕಳಸ್ರಿ ಅಂತ ಠರಾವು ಬರೀರಿ."

ಆ ನಿರ್ಣಯಕ್ಕೆ ಸಭೆ ಒಪ್ಪಿ ಗುಜುಗುಟ್ಟಿತು. ಮಮತಾ ಎದ್ದಳು. ಕ್ಯಾಂಪಿನವಳು ಕ್ಯಾಂಪಿನವರ ಪರವಾಗಿಯೇ ಮಾತನಾಡುತ್ತಾಳೆಂದು ಎಲ್ಲರೂ ಅಂದುಕೊಂಡಿದ್ದರು.

"ಕಾಕಾರ, ದೇಶಕ್ಕ ಯಾರು ಬರಬೇಕು, ಎಷ್ಟು ಮಂದಿ ಬರಬೇಕು ಅನ್ನೂದಕ್ಕ ಒಂದು ಮಿತಿ ಬೇಕು. ಅದಕ್ಕ ನಾ ಇಲ್ಲ ಅನ್ನಂಗಿಲ್ಲ. ನಮ್ಮವರು ಬಂದಾಗೂ ಎಣಿಸಿ, ಹೆಸರು ಬರಕೊಂಡ ತಂದಾರ. ಅದಕ್ಕ ದೀಪಾಂದು ಮುಚ್ಚಿಡಲಾರದ ಬರದೀನಿ. ಆಕಿ ಇರಬೇಕೋ ಹೋಗಬೇಕೋ, ಸರ್ಕಾರ ತೀರ್ಮಾನ ಮಾಡ್ಲಿ, ಲಗೂನ ಮಾಡ್ಲಿ."

ಅವಳು ದೊಡ್ಡಬಸಪ್ಪನವರತ್ತ ತಿರುಗಿದಳು.

"ಆದ್ರ ಒಂದು ಮಾತು ರೀ. ಆಕಿ ಬಂದು ಒಂಬತ್ತು ತಿಂಗಳಾತು. ಡಾಕ್ಟರ್ ಹೋಗಿ ಆರು ವರ್ಷ ಆಗೈತಿ. ಆ ರಾತ್ರಿ ಗಾಡ್ಯಾಗ ನಾನೂ ಇದ್ದೆ. ನಾಳೆ ದೀಪಾನ್ನ ಕಳಿಸಿದ್ರ ನಾಡದು ಡಾಕ್ಟರ್ ಬರ್ತಾರಂತ ನೀವ ಹೇಳ್ರಿ, ಆಕಿ ಚೀಲ ನಾನ ಕಟ್ಟಿಸ್ತೀನಿ."

ದೊಡ್ಡಬಸಪ್ಪ ರುಮಾಲು ಸರಿಮಾಡಿಕೊಂಡರು. ಆಮೇಲೆ ಕೇಳಿದರು:

"ಹಂಗಾರ ಏನು ಬರಿಯೂನು ಅಂತೀ ತಂಗಿ?"

"ಎರಡು ಠರಾವು ಬರಿಯೂನ್ರಿ. ಒಂದರಾಗ ಹೊಸದಾಗಿ ಬಂದವರ ವಿಚಾರಣಿ ಮಾಡ್ರಿ ಅಂತ. ಇನ್ನೊಂದರಾಗ ಡಾಕ್ಟರ್ ಕೊಡ್ರಿ ಅಂತ. ಎರಡಕ್ಕೂ ಮೊದಲ ಸಹಿ ನಿಮ್ದು, ಎರಡನೇದು ನಂದು."

ಹಾಗೆಯೇ ಆಯಿತು. ಮೊದಲ ಠರಾವಿಗೆ ಸಹಿ ಹಾಕಿದ್ದಕ್ಕೆ ಕ್ಯಾಂಪಿನ ನಾಲ್ಕಾರು ಮನೆಗಳವರು ಮಮತಾಳಿಗೆ ಬಾಗಿಲು ತೆರೆಯುವುದನ್ನೇ ನಿಲ್ಲಿಸಿದರು. ಅವಳು ಆ ಮನೆಗಳ ಕಟ್ಟೆಯ ಮೇಲೆಯೇ ಕೂತು ಮಕ್ಕಳ ಲಸಿಕೆಯ ದಿನ ಕೂಗಿ ಹೇಳಿ ಬರುತ್ತಿದ್ದಳು. ಎರಡನೆಯ ಠರಾವು ಹಿಡಿದುಕೊಂಡು ದೊಡ್ಡಬಸಪ್ಪನವರ ಜೊತೆ ಮೂರು ಸಲ ರಾಯಚೂರಿಗೆ ಹೋದಳು. ಮೂರನೆಯ ಸಲ ಭಾಗ್ಯಶ್ರೀಯೂ ಬಂದಳು. ಅಧಿಕಾರಿಯ ಎದುರು ಮಾವನಾಗಲಿ ಮಮತಾ ಆಗಲಿ ಬಾಯಿ ತೆರೆಯಬೇಕಾಗಲಿಲ್ಲ. ಅವಳೇ ಎಲ್ಲವನ್ನೂ ಹೇಳಿದಳು.

ಆಗಸ್ಟಿನ ಕೊನೆಗೆ ದೀಪಾಳಿಗೆ ಸಿಂಧನೂರಿನಲ್ಲಿ ಹೆಣ್ಣುಮಗು ಹುಟ್ಟಿತು. ಅವಳ ಗಂಡ ತಿಂಗಳಿಗೊಮ್ಮೆ ಪೊಲೀಸ್ ಠಾಣೆಗೆ ಹೋಗಿ ಸಹಿ ಮಾಡಿ ಬರುತ್ತಾನೆ; ವಿಚಾರಣೆ ಮುಗಿದಿಲ್ಲ. ಹೋಗಬೇಕಾಗಿ ಬಂದರೆ ಏನು ಗತಿ ಎಂದು ದೀಪಾ ಕೇಳಿದಾಗ ಮಮತಾ ಸುಳ್ಳು ಧೈರ್ಯ ಹೇಳಲಿಲ್ಲ. ಮಗುವಿನ ಲಸಿಕೆ ಕಾರ್ಡನ್ನು ಜೋಪಾನವಾಗಿ ಇಟ್ಟುಕೋ, ಯಾವ ದೇಶದಲ್ಲಾದರೂ ಡಾಕ್ಟರು ಅದನ್ನು ಓದಬಲ್ಲರು ಎಂದಳು.

ದಸರೆ ಮುಗಿದ ಮೇಲೆ ಆರೋಗ್ಯ ಕೇಂದ್ರಕ್ಕೆ ಡಾಕ್ಟರ್ ಬಂದರು, ವಾರಕ್ಕೆ ಮೂರು ದಿನ ಮಾತ್ರ. ಉಳಿದ ದಿನಗಳಿಗಾಗಿ ಮಮತಾ ಮತ್ತು ದೊಡ್ಡಬಸಪ್ಪ ಇನ್ನೊಂದು ಅರ್ಜಿ ಬರೆಯುತ್ತಿದ್ದಾರೆ. ಹೊರಗಿನವರ ಬಗ್ಗೆ ದೊಡ್ಡಬಸಪ್ಪನವರ ಅಭಿಪ್ರಾಯ ಬದಲಾಗಿಲ್ಲ. ಅರ್ಜಿಯ ಒಕ್ಕಣೆಯನ್ನು ಮಾತ್ರ ಅವರು ಅವಳಿಗೇ ಬಿಟ್ಟಿದ್ದಾರೆ.